ಕಸುಬು: ಮಗಳು

ಮಂಗಳವಾರ, ಮಧ್ಯಾಹ್ನ
ದಾಖಲೆ ಕೊಠಡಿಯ ಹೊರಗಿನ ಬೆಂಚು

ನನ್ನ ಮಗಳಿಗೆ,

ಅಪ್ಪನ ಆಶೀರ್ವಾದ, ಬೇಡವೆನಿಸಿದರೂ ಇಟ್ಟುಕೋ. ಏಳು ತಿಂಗಳಿಂದ ನೀನು ಫೋನಿನಲ್ಲಿ ಊಟವಾಯಿತೇ, ಮಾತ್ರೆ ನುಂಗಿದಿರೇ ಎಂಬುದನ್ನು ಬಿಟ್ಟು ಬೇರೇನೂ ಕೇಳಿಲ್ಲ. ತಪ್ಪು ನಿನ್ನದಲ್ಲ. ನೀನೂ ಅಳಿಯಂದಿರೂ ಅನಾಥಾಲಯದ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಳ್ಳುತ್ತೇವೆ ಎಂದಾಗ, "ಯಾವುದೋ ಬಳ್ಳಿಯ ಕಾಯಿ ತಂದು ನಮ್ಮ ಬಳ್ಳಿಗೆ ಕಟ್ಟಿದ್ರೆ ನಿಲ್ಲುತ್ತಾ?" ಎಂದವನು ನಾನು. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳದೆ, ನಮ್ಮದು ಸೂಜಿಯಜ್ಜಿಯ ರಕ್ತ, ಕಾಗದದಲ್ಲೇ ತೋರಿಸುತ್ತೇನೆ ಎಂದು ಸವಾಲು ಹಾಕಿ ಇಲ್ಲಿಯ ಮೆಟ್ಟಿಲು ಹತ್ತಿದೆ.

ಸೂಜಿಯಜ್ಜಿಯ ಕಥೆ ನಿನಗೆ ಬಾಯಿಪಾಠ. ನನ್ನ ಅಜ್ಜಿಯ ಅಜ್ಜಿ. ದೊಡ್ಡಮನೆಯೊಂದರಲ್ಲಿ ಗುಲಾಮಳಾಗಿ ಹೊಲಿಗೆ ಹಾಕುತ್ತಿದ್ದವಳು. ಬಿಡುಗಡೆಯಾದ ದಿನ ತಾನು ಹೆತ್ತ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಬಾಗಿಲು ದಾಟಿದವಳು. ನಾವೆಲ್ಲ ಆ ಮಗುವಿನ ಸಂತಾನ ಎಂದು ನನ್ನಜ್ಜಿ ಎದೆ ತಟ್ಟಿ ಹೇಳುತ್ತಿದ್ದಳು.

ಹೋದ ತಿಂಗಳು ಬಿಡುಗಡೆಯ ಪಟ್ಟಿ ಸಿಕ್ಕಿತು. ಇಂಗ್ಲಿಷಿನಲ್ಲಿದೆ. ಹೊಲಿಗೆಯವಳು, ವಯಸ್ಸು ಸುಮಾರು ಮೂವತ್ತು, ಬಿಡುಗಡೆಯಾಗಿದೆ. ಕೊನೆಯಲ್ಲಿ "ವಿದೌಟ್ ಇಶ್ಯೂ". ತಕರಾರಿಲ್ಲದೆ ಬಿಡುಗಡೆಯಾಯಿತಲ್ಲ ಎಂದು ಹಿಗ್ಗಿ ಹೀರೇಕಾಯಿಯಾದೆ. ಪಕ್ಕದ ಮನೆಯ ಔಷಧಿ ಅಂಗಡಿಯವರಿಗೂ ಹೇಳಿ ಬಂದೆ. ಮರುದಿನ ಪ್ರತಿ ಕೇಳಲು ಹೋದಾಗ ಇಲ್ಲಿಯ ಮೇಡಂ ಕನ್ನಡಕ ಮೇಲೇರಿಸಿ, "ಸರ್, ಇಶ್ಯೂ ಅಂದ್ರೆ ಇಲ್ಲಿ ತಕರಾರಲ್ಲ, ಮಕ್ಕಳು. ಈಕೆಗೆ ಮಕ್ಕಳಿರಲಿಲ್ಲ ಅಂತ ಬರೆದಿದೆ" ಎಂದರು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಓದಿದವನು ಎಂದೆ. "ನಾನೂ ಓದಿದೀನಿ ಸರ್, ಅಲ್ಲಿ ಇದನ್ನೆಲ್ಲ ಹೇಳ್ಕೊಡಲ್ಲ" ಎಂದರು. ನಿನ್ನಮ್ಮ ಇದ್ದಿದ್ದರೆ, ಮಕ್ಕಳಿಗೂ ತಕರಾರಿಗೂ ಒಂದೇ ಪದ ಇಟ್ಟವನು ಸಂಸಾರಸ್ಥನೇ ಇರಬೇಕು ಅಂದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಹತ್ತು ದಿನ ಇತ್ತ ತಲೆ ಹಾಕಲಿಲ್ಲ. ಆ ಪುಟ ಸಿಗಲೇ ಇಲ್ಲವೆಂದು ನಿನಗೆ ಹೇಳಿಬಿಡೋಣ ಎಂದೂ ಯೋಚಿಸಿದೆ.

ಆಮೇಲೆ ತಡೆಯಲಾರದೆ ಬಂದು, ಗುಮಾಸ್ತ ತಪ್ಪು ಬರೆದಿರಬಾರದೇಕೆ ಎಂದು ಕೇಳಿದೆ. "ತಪ್ಪಾಗಿದ್ರೆ ಇನ್ನೊಂದು ಪುಸ್ತಕ ಹೇಳುತ್ತೆ" ಎಂದು ಮೇಡಂ ಒಂದು ದಪ್ಪ ಪುಸ್ತಕ ತಂದಿಟ್ಟರು. ಗುಲಾಮರನ್ನು ಇಟ್ಟುಕೊಂಡ ಒಡೆಯರ ಪುಸ್ತಕ. ಬಿಡುಗಡೆಯಾದ ಎರಡನೇ ವರ್ಷದ ಪುಟದಲ್ಲಿ, ಒಡೆಯರ ಸಾಲಿನಲ್ಲಿ, ನಮ್ಮ ಹೊಲಿಗೆಯವಳು! ಅವಳ ಹೆಸರಿನೆದುರು ಗುಲಾಮಳು ಒಬ್ಬಳು: ನಾಲ್ಕು ವರ್ಷದ ಹುಡುಗಿ.

ಮೇಡಮ್ಮೇ ಕುರ್ಚಿ ಎಳೆದು ಕೂರಿಸಿ, ಪುಟ ತಿರುಗಿಸಿ ವಿವರಿಸಿದರು. ಆ ಹುಡುಗಿಯ ತಾಯಿ ಅದೇ ದೊಡ್ಡಮನೆಯ ಅಡುಗೆಯಾಳು, ಜ್ವರದಲ್ಲಿ ಸತ್ತವಳು. ಮಗುವನ್ನು ಹೊರಗೆ ತರಲು ಅಂದಿನ ಕಾನೂನಿಗೆ ಗೊತ್ತಿದ್ದದ್ದು ಒಂದೇ ದಾರಿ, ಕೊಳ್ಳುವುದು. ಕೊಂಡ ಮೇಲೂ ಅದು ದೊಡ್ಡದಾಗುವ ತನಕ ಬಿಡುಗಡೆ ಮಾಡುವಂತಿಲ್ಲ. ಆದ್ದರಿಂದ ಕಾಗದದ ಮೇಲೆ ಸೂಜಿಯಜ್ಜಿ ಒಡತಿ, ನನ್ನಜ್ಜಿಯ ತಾಯಿಯಾದ ಆ ಹುಡುಗಿ ಅವಳ ಆಸ್ತಿ.

ಇನ್ನು ಮುಂದಿನದನ್ನು ನಿಧಾನವಾಗಿ ಓದು ಮಗಳೇ. ಮೂರು ವರ್ಷಕ್ಕೊಮ್ಮೆ ಒಡೆಯರು ಕಚೇರಿಗೆ ಬಂದು, ತಮ್ಮ ಗುಲಾಮರು ಯಾವ ಕೆಲಸದಲ್ಲಿದ್ದಾರೆ ಎಂದು ಬರೆಸಬೇಕಿತ್ತು. ಆ ಕಾಲಂ ತುಂಬ ಅಡುಗೆ, ದನ, ಬಟ್ಟೆ, ಹೊಲ. ನಮ್ಮ ಹುಡುಗಿಯ ಸಾಲಿನಲ್ಲಿ ಮಾತ್ರ "ಡಾಟರ್". ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಲೆ "ಕೆಲಸವಿಲ್ಲ" ಎಂದು ಬರೆದಿದ್ದಾರೆ. ಮೂರು ವರ್ಷದ ಮೇಲೆ ಮತ್ತೆ "ಡಾಟರ್". ಹೊಡೆದು, "ಹೊಲಿಗೆ" ಎಂದಿದ್ದಾರೆ. ಮೂರನೆಯ ಸಲವೂ ಅದೇ ಪದ. ಬರೀ ಹೊಡೆದಿದ್ದಾರೆ, ಮೇಲೆ ಏನೂ ಇಲ್ಲ. ನಾಲ್ಕನೆಯ ಸಲ ಹೊಡೆದಿಲ್ಲ. ಗುಮಾಸ್ತ ಸೋತನೋ, ಅಷ್ಟರಲ್ಲಿ ಅವನ ಮನೆಯಲ್ಲೂ ಒಬ್ಬಳು ಹುಟ್ಟಿದ್ದಳೋ, ಪುಸ್ತಕದಲ್ಲಿ ಇಲ್ಲ.

ಆ ಒಂದು ಪದ ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ.

ಸವಾಲು ಹಾಕಿದವನು ನಾನು, ಸೋತವನೂ ನಾನೇ. ನಮ್ಮ ಬಳ್ಳಿಯೇ ಕಟ್ಟಿದ ಬಳ್ಳಿ. ಇಷ್ಟು ತಲೆಮಾರು ಅದು ನಿಂತದ್ದು ಯಾವುದರ ಮೇಲೆ ಎಂದು ಈ ವಯಸ್ಸಿನಲ್ಲಿ ತಿಳಿದುಕೊಂಡೆ. ಮಗುವನ್ನು ಮನೆಗೆ ತನ್ನಿ. ತಂದ ಮೇಲೆ ನನ್ನನ್ನು ಕರೆಯಬೇಕೋ ಬೇಡವೋ ಎಂಬುದು ನಿನ್ನ ಮಾತು. ಅದಕ್ಕೆ ಎದುರಾಡುವ ಬಾಯಿ ನನಗಿಲ್ಲ.

ಇಂತಿ,
ತಲೆ ತಗ್ಗಿಸಿ ಕೂತಿರುವ
ನಿನ್ನ ಅಪ್ಪ

ತಾ.ಕ.: ದತ್ತು ಕಚೇರಿಯವರು ಸುಮ್ಮನೆ ಅಲೆದಾಡಿಸುತ್ತಿದ್ದಾರೆ ಎಂದು ನೀನು ಅವರಿಗೆ ಶಾಪ ಹಾಕುತ್ತಿದ್ದೀಯಂತೆ, ಅಳಿಯಂದಿರು ಹೇಳಿದರು. ಅವರನ್ನು ಬೈಯಬೇಡ. ಮೂರು ತಿಂಗಳ ಹಿಂದೆ ನಾನೇ ಅವರಿಗೆ ಪತ್ರ ಬರೆದಿದ್ದೆ: ತಾಯಿ ಹೋದ ಮೇಲೆ ನನ್ನ ಮಗಳ ಬುದ್ಧಿ ಸ್ಥಿಮಿತದಲ್ಲಿಲ್ಲ, ಅವಳ ಕೈಗೆ ಮಗು ಕೊಡಬೇಡಿ ಎಂದು. ನಿಘಂಟು ನೋಡಿ ಬರೆದ ಪತ್ರ. ಒಂದು ಪದವೂ ತಪ್ಪಿರಲಿಲ್ಲ, ಒಂದು ಮಾತೂ ನಿಜವಿರಲಿಲ್ಲ. ನಿನ್ನೆ ಹೋಗಿ, ಅದು ಸುಳ್ಳೆಂದು ಬರೆದು ಸಹಿ ಹಾಕಿ ಬಂದೆ. ಅಲ್ಲಿಯ ಅಧಿಕಾರಿ, "ಇದು ನಿಮ್ಮ ಮಗಳಿಗೆ ಗೊತ್ತಾ?" ಎಂದು ಕೇಳಿದರು. ನನ್ನ ಕಾಗದ ಕೈಸೇರಿದ ದಿನ ಗೊತ್ತಾಗುತ್ತೆ ಅಂದೆ.