ಪರವಾಗಿಲ್ಲ, ಸಿಸ್ಟರ್

ಆಸ್ಪತ್ರೆ ಹಿಂದಿನ ಕ್ವಾರ್ಟರ್ಸ್
ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಪರೇಷನ್ ಆದಮೇಲೆ ಊಟ ಸೇರುತ್ತಿದೆಯಾ? ಹೊಟ್ಟೆಯ ಹೊಲಿಗೆ ಒಣಗಿತಾ? ಫೋನಿನಲ್ಲಿ ನೀನು ಏನೂ ಬಾಯಿಬಿಡುವುದಿಲ್ಲ, ನನಗೋ ಇಲ್ಲಿ ಜೀವ ಹೊಡೆದುಕೊಳ್ಳುತ್ತದೆ. ಭಾವ ನಿನ್ನ ಕೈಲಿ ಭಾರ ಎತ್ತಿಸಿದರೆ ಅವರ ಕಿವಿ ಹಿಂಡಲು ನಾನಿದ್ದೇನೆ ಅಂತ ಹೇಳು.

ಇಲ್ಲಿ ನರ್ಸ್ ಕೆಲಸದ ಜೊತೆಗೆ ಹೊಸದೊಂದು ಗಂಟುಬಿದ್ದಿದೆ. ನಮ್ಮ ಆರೈಕೆ ರೋಗಿಗಳಿಗೆ ಹೇಗನ್ನಿಸುತ್ತದೆ ಎಂದು ತಿಳಿಯಲು ದೊಡ್ಡ ಡಾಕ್ಟರಮ್ಮ ಸಂಶೋಧನೆ ಶುರುಮಾಡಿದ್ದಾರೆ. ನೋವಿದೆಯಾ, ಕರೆದಾಗ ಯಾರಾದರೂ ಬರುತ್ತಾರಾ ಅಂತ ಪ್ರತಿ ಬೆಡ್ಡಿಗೂ ಹೋಗಿ ಕೇಳಿ, ಉತ್ತರ ರೆಕಾರ್ಡ್ ಮಾಡುವುದು ನನ್ನ ಪಾಲಿಗೆ ಬಂತು. ಬಹಳ ಜನರದು ಒಂದೇ ಮಾತು: 'ಪರವಾಗಿಲ್ಲ, ಸಿಸ್ಟರ್.' ಅದನ್ನೆಲ್ಲ ನಾವು 'ತೃಪ್ತಿ' ಎಂದೇ ಲೆಕ್ಕಕ್ಕೆ ಹಿಡಿದೆವು. ನಮ್ಮ ವಾರ್ಡಿಗೆ ಒಳ್ಳೆಯ ಅಂಕ ಬಂತು, ನಾವು ಬೀಗಿದ್ದೇ ಬೀಗಿದ್ದು.

ಕಿಟಕಿ ಪಕ್ಕದ ಬೆಡ್ಡಿನಲ್ಲಿ ವಯಸ್ಸಾದ ಟೈಲರ್ ಒಬ್ಬರಿದ್ದರು. ನನ್ನ ಯೂನಿಫಾರ್ಮಿನ ತೋಳು ನೋಡಿ, 'ಇದ್ಯಾವ ಪುಣ್ಯಾತ್ಮ ಹೊಲಿದಿದ್ದಮ್ಮಾ?' ಅಂತ ರೇಗಿಸುತ್ತಿದ್ದರು. ಅವರದೂ ಅದೇ ಉತ್ತರ. ಹೋದ ವಾರ ತೀರಿಕೊಂಡರು. ಆಮೇಲೆ ಅವರ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. 'ಪರವಾ' ಅಂದು ಉಸಿರು ಬಿಗಿಹಿಡಿಯುತ್ತಾರೆ ಅಕ್ಕಾ, ಆಮೇಲೆ 'ಗಿಲ್ಲ' ಬರುತ್ತದೆ. ನಡುವೆ ನೋವು ನುಂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಈಗ ಟ್ರಾಲಿ ತಳ್ಳುವಾಗ, ಹಾಲು ಕಾಯಿಸುವಾಗ, ಆ ಖಾಲಿ ಬೆಡ್ಡಿಗೆ ಬೆಡ್‌ಶೀಟ್ ಹಾಸುವಾಗ ಆ ಅರ್ಧ ಮಾತು ಬೆನ್ನ ಹಿಂದೆಯೇ ಕೇಳಿಸುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಗುತ್ತಿದೆ.

ಡಾಕ್ಟರಮ್ಮನಿಗೂ ಅದನ್ನು ಹಾಕಿ ಕೇಳಿಸಿದೆ. 'ಇನ್ನೊಮ್ಮೆ ಹಾಕು' ಅಂದರು. ಈಗ ಪದ್ಧತಿ ಬದಲಾಗಿದೆ. ಯಾರಾದರೂ ಪರವಾಗಿಲ್ಲ ಅಂದರೆ ಮುಂದಿನ ಬೆಡ್ಡಿಗೆ ಹೋಗುವಂತಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಎಲ್ಲಿ ನೋಯುತ್ತದೆ ಅಂತ ಮತ್ತೆ ಕೇಳಬೇಕು. ಮೊನ್ನೆ ಒಬ್ಬ ಅಜ್ಜಿ ನಾನು ಕೂತದ್ದೇ ತಡ ಗೊಳೋ ಎಂದು ಅತ್ತುಬಿಟ್ಟರು. ಡಾಕ್ಟರಮ್ಮ ಅವರ ಔಷಧಿ ಅವತ್ತೇ ಬದಲಾಯಿಸಿದರು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮೈ ಜೋಪಾನ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಬರೆಯಬೇಕಾದ್ದು ಬಿಟ್ಟು ಊರ ಸುದ್ದಿಯೆಲ್ಲ ಬರೆದೆ. ನಿನ್ನೆ ಫೋನಿನಲ್ಲಿ ನೀನೂ 'ಪರವಾ' ಅಂದು ನಿಂತೆ. ರಜೆ ಹಾಕಿದ್ದೇನೆ, ಶನಿವಾರ ಬೆಳಿಗ್ಗೆ ಬರುತ್ತೇನೆ, ಬೇಡ ಅನ್ನಬೇಡ. ಹೇಳಲು ಆಗದಿದ್ದರೆ ಹೇಳಬೇಡ. ನನ್ನ ಕೈ ಹಿಡಿದು, ನೋಯುವ ಕಡೆ ಇಡು.