ಭಾನುವಾರದ ನಾಲ್ಕು ಡಿಗ್ರಿ

ಮಾರ್ಚ್ 9, ಶನಿವಾರ. ಸಂಜೆ 5

ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ 4 ಡಿಗ್ರಿ. ಬರೆದೆ. ರಿಜಿಸ್ಟರಿನಲ್ಲಿ ಭಾನುವಾರದ ಎರಡು ಸಾಲನ್ನೂ ತುಂಬಿಟ್ಟೆ: ಬೆಳಗ್ಗೆ 4, ಸಂಜೆ 4. ರಜೆಯ ದಿನ ಇದಕ್ಕಾಗಿ ಯಾರು ಬರುತ್ತಾರೆ? ಹನ್ನೆರಡು ವರ್ಷದ ರೂಢಿ. ನಾಳೆ ನಾನು, ಕವಿತೆಯ ಪುಸ್ತಕ. ಅಷ್ಟೆ.

ಮಾರ್ಚ್ 11, ಸೋಮವಾರ

ಬೀಗ ತೆಗೆದರೆ ಫ್ರಿಜ್‌ನ ಸದ್ದೇ ಇಲ್ಲ. 16 ಡಿಗ್ರಿ. ಎಂಟು ದಾಟಬಾರದು.

ಡಾಕ್ಟರಮ್ಮ ರಿಜಿಸ್ಟರ್ ನೋಡಿದರು. ಮುಖ ಅರಳಿತು. "ನಿನ್ನೆ ಸಂಜೆವರೆಗೂ ನಾಲ್ಕಿತ್ತಲ್ಲ! ಕೆಟ್ಟಿದ್ದು ರಾತ್ರಿ ಹಾಗಾದ್ರೆ. ಕೆಲವೇ ಗಂಟೆ, ಲಸಿಕೆಗೇನೂ ಆಗಿರಲ್ಲ. ಗುರುವಾರದ ಶಿಬಿರಕ್ಕೆ ಇದನ್ನೇ ಬಳಸೋಣ. ಬೇರೆಯವರು ಬರೆದಿದ್ರೆ ನಂಬ್ತಿರಲಿಲ್ಲ. ನೀವು ಬರೆದಿದ್ದು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ."

ತಲೆಯಾಡಿಸಿದೆ.

ಮಾರ್ಚ್ 12, ಮಂಗಳವಾರ

ಎಲೆಕ್ಟ್ರಿಷಿಯನ್ ಬಂದಿದ್ದ. "ಪ್ಲಗ್ ಸುಟ್ಟಿದೆ ಮೇಡಂ. ಯಾವಾಗ ಅಂತ ನನ್ನ ಕೇಳಿದ್ರೆ? ನಿಮ್ಮ ಬುಕ್ಕಲ್ಲೇ ಇರ್ಬೇಕಲ್ಲ."

ಶಿಬಿರದ ಪಟ್ಟಿ ಟೈಪ್ ಮಾಡಿದೆ. ನಲವತ್ತೊಂದು ಮಕ್ಕಳು. ಮೊದಲ ಮಗುವಿಗೆ ಆರು ವಾರ. ಕೆಟ್ಟ ಲಸಿಕೆ ಹಾಕಿದರೆ ಏನೂ ಆಗುವುದಿಲ್ಲ. ಅದೇ ಭಯ. ರಕ್ಷಣೆಯೂ ಆಗುವುದಿಲ್ಲ. ಕಾರ್ಡಿನಲ್ಲಿ ಮಾತ್ರ 'ಹಾಕಲಾಗಿದೆ'.

ಕವಿತೆಯಲ್ಲಿ ಒಂದು ಪದ ಸುಳ್ಳಾದರೆ ನನ್ನ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ಈ ಎರಡು ಅಂಕಿ... ಹನ್ನೆರಡು ವರ್ಷ ಒಮ್ಮೆಯೂ ಚುಚ್ಚಲಿಲ್ಲ.

ಮಾರ್ಚ್ 13, ಬುಧವಾರ. ಬೆಳಗ್ಗೆ 7

ಇವರಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಚಹಾ ಲೋಟ ಕೆಳಗಿಟ್ಟರು.

"ಇಪ್ಪತ್ತು ವರ್ಷದಿಂದ, ಏನಾಯ್ತೇ ಅಂತ ಕೇಳಿದ್ರೆ 'ಏನಿಲ್ಲ' ಅಂತೀಯ. ಅದನ್ನೂ ಹಿಂದಿನ ದಿನವೇ ಬರೆದಿಟ್ಟಿರ್ತಿದ್ಯಾ?"

ನಗು ಬಂತು. ಬೆನ್ನಿಗೇ ಅಳು.

"ಕೆಲಸ ಹೋಗಬಹುದು ರೀ."

"ಹೋಗಬಹುದು."

ಸಮಾಧಾನಕ್ಕೆ ಒಂದು ಸುಳ್ಳೂ ಸೇರಿಸಲಿಲ್ಲ. ಎಷ್ಟೋ ಕಾಲದ ಮೇಲೆ ಅವರ ಪಕ್ಕದಲ್ಲೇ ಕೂತಿದ್ದೇನೆ ಅನ್ನಿಸಿತು.

9.40

ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚು. ತೊಡೆಯ ಮೇಲೆ ರಿಜಿಸ್ಟರ್. ಭಾನುವಾರದ ಎರಡು ನಾಲ್ಕನ್ನೂ ಹೊಡೆದುಹಾಕಿದೆ. ಪಕ್ಕದಲ್ಲಿ 'ನೋಡಿಲ್ಲ. ಶನಿವಾರವೇ ಬರೆದದ್ದು' ಎಂದು ಸೇರಿಸಿ ಸಹಿ ಮಾಡಿದೆ. ಹಿಂದಿನ ಭಾನುವಾರಗಳನ್ನೂ ಕೇಳಿದರೆ? ಹೇಳುವುದು.

ಒಳಗಿನಿಂದ ದನಿ: "ಬನ್ನಿಮ್ಮಾ, ನಿಮಗೇ ಕಾಯ್ತಿದ್ದೆ. ನಾಳೆ ಶಿಬಿರಕ್ಕೆ ನಿಮ್ಮದೊಂದು ಸಹಿ ಬೇಕಿತ್ತು—"

ಸಹಿ ಆಗಲೇ ಹಾಕಿಯಾಗಿದೆ. ಏಳಬೇಕು. ರಿಜಿಸ್ಟರನ್ನು ಆ ಪುಟಕ್ಕೇ ತೆರೆದು ಒಳಗೆ ಒಯ್ಯುತ್ತೇನೆ.