ಗೆದ್ದ ಮಗನಿಗೆ

ಡೋವರ್ ಕ್ರೀಕ್, ಕಾನ್ಸಾಸ್
ನವೆಂಬರ್, ೧೮೯೯

ಮಗ ಈಥನ್‌ಗೆ,

ಮೇಯರ್ ಚುನಾವಣೆಯಲ್ಲಿ ನನ್ನನ್ನು ಸೋಲಿಸಿದೆ, ಇರಲಿ. ಆದರೆ ಅಂಗಡಿ ಮುಂದೆ ನಿಂತು, "ಕುರ್ಚಿಗೋಸ್ಕರ ಈ ಮುದುಕ ಹೆತ್ತ ಮಗಳನ್ನೇ ಕೂಡಿಹಾಕಿ ಕೊಂದ ಕಣ್ರೋ" ಅಂದೆಯಲ್ಲ, ನಾಲಿಗೆ ಹೇಗೆ ಹೊರಳಿತು?

ಈ ಬಯಲಿನಲ್ಲಿ ಮೊದಲ ಗುಡಿಸಲು ಹಾಕಿದವನು ನಾನು. ಮಕ್ಕಳ ಉಸಿರು ಕಟ್ಟಿಸುವ ಗಂಟಲುಮಾರಿ ರೋಗ ಬಂದ ವರ್ಷ ಆ ಕುರ್ಚಿ ಯಾರಿಗೂ ಬೇಡವಾಗಿತ್ತು, ನಾನು ಕೂತೆ. ಸೋಂಕು ಹರಡದಿರಲೆಂದು ರೋಗ ಬಂದ ಮನೆಗಳನ್ನೆಲ್ಲ ಮುಚ್ಚಿಸಿದವನು ನಮ್ಮ ಮನೆಯೊಂದನ್ನು ಹೇಗೆ ಬಿಡಲಿ? ನಿನ್ನ ತಂಗಿ ಡೆಲ್ಲಾ ಒಳಗೇ ಸತ್ತಳು. ಊರು ಉಳಿಯಿತು. ಆಮೇಲೆ ಇಪ್ಪತ್ತು ವರ್ಷ ಆ ಊರು ನನ್ನನ್ನೇ ಆರಿಸಿತು.

ಈಗ ನಿನ್ನ ಮಗನಿಗೂ ಅದೇ ರೋಗ ಬಂದಿದೆಯೆಂದು ನಿಮ್ಮಮ್ಮ ಅಳುತ್ತಿದ್ದಾಳೆ. ಮೇಯರ್ ನೀನು. ಮೊದಲು ನಿನ್ನ ಮನೆ ಬಾಗಿಲು ಮುಚ್ಚಿಸು.

ಮುಚ್ಚುವ ಮುಂಚೆ ನನ್ನನ್ನು ಒಳಗೆ ಬಿಡು. ಅಂದು ಡೆಲ್ಲಾ ಪಕ್ಕ ಕೂರಲು ಊರಿನ ಕೆಲಸ ನನ್ನನ್ನು ಬಿಡಲಿಲ್ಲ. ಈಗ ನನಗೆ ಕೆಲಸವಿಲ್ಲ.

ನಿನ್ನ ಅಪ್ಪ,
ಅಮೋಸ್ ಥ್ರೆಲ್ಕೆಲ್ಡ್